ಕಟ್ಟಿಗೆಗೆ ಸೂತಕವಿಲ್ಲ

ಪುಣೆಯಲ್ಲಿ ಲಕಡಿ ಪೂಲ್ ಎಂದು ಒಂದು ಸೇತುವೆ ಇದೆ. ಹೆಸರಿಗೆ ಕಟ್ಟಿಗೆಯ ಸೇತುವೆ, ನೋಡಹೋದರೆ ಅದರಲ್ಲಿ ಹಲ್ಲುಕಡ್ಡಿಯಷ್ಟು ಕಟ್ಟಿಗೆಯೂ ಇಲ್ಲ, ಎಲ್ಲ ಕಲ್ಲು. ಅದರ ಮೇಲೆ ಕಾಣುವ ಕಟ್ಟಿಗೆಯೆಂದರೆ ಶಿವಬಸವ್ವನಂಥವರು ತಲೆಯ ಮೇಲೆ ಹೊತ್ತು ದಾಟಿಸುವುದಷ್ಟೆ. ವೇತಾಳ ಗುಡ್ಡದಿಂದ ನಾಲ್ಕು ಮೈಲಿ ನಡೆದು ಸೇತುವೆಗೆ ಬರುವ ಹೊತ್ತಿಗೆ ಅವಳ ಕುತ್ತಿಗೆ ಮರಗಟ್ಟಿರುತ್ತಿತ್ತು. ಇಲ್ಲೊಂದು ಗಳಿಗೆ ಇಳಿಸಿದರೆ ಎಂದು ದಿನಾ ಅನ್ನಿಸುತ್ತಿತ್ತು. ಆದರೆ ಇಳಿಸುವುದು ಸುಲಭ, ಮತ್ತೆ ಎತ್ತಿ ತಲೆಗೆ ಕೊಡುವವರು ಯಾರು? ಹಾಗಾಗಿ ನಿಲ್ಲದೆ ದಾಟುತ್ತಿದ್ದಳು.

ಅದು ಲಡಾಯಿಯ ನಾಲ್ಕನೆಯ ವರ್ಷ. ಊರಿನ ಕಟ್ಟಿಗೆಯೆಲ್ಲ ದಂಡಿನವರ ಒಲೆಗೆ ಹೋಗುತ್ತಿತ್ತು. ಮೊದಲು ದೇಹೂ ರೋಡಿನ ಕಡೆ ಒಳ್ಳೆಯ ಜಾಲಿ ಸಿಗುತ್ತಿತ್ತು, ಈಗ ಅಲ್ಲಿ ತಂತಿ ಬೇಲಿ ಹಾಕಿ ಬಂದೂಕಿನವನನ್ನು ನಿಲ್ಲಿಸಿದ್ದರು. ವೇತಾಳ ಗುಡ್ಡದಲ್ಲಿ ಪಹರೆಯವನ ಕಣ್ಣು ತಪ್ಪಿಸಿ, ಬಿದ್ದದ್ದು, ಒಣಗಿದ್ದು, ಮುಳ್ಳಿನದು ಎಂದು ಆಯಬೇಕು. ಇಡೀ ದಿನ ಬಗ್ಗಿ ಎದ್ದರೆ ಒಂದು ಹೊರೆ. ಒಂಬತ್ತು ಹೊರೆ ಮಾರಿ ಹೊಟ್ಟೆಗೆ, ಹತ್ತನೆಯದನ್ನು ಉಳಿಸಿ ಮಗಳ ಬಾಣಂತನಕ್ಕೆ. ಶಿವಬಸವ್ವ ಮಾಘ ಮಾಸದಿಂದ ಹೀಗೆ ಉಳಿಸುತ್ತ ಬಂದಿದ್ದಳು.

ಬಾಣಂತನಕ್ಕೆ ಅಷ್ಟೊಂದು ಕಟ್ಟಿಗೆಯೇ ಎಂದು ಕೇಳುವವರು ಬಾಣಂತಿಗೆ ನೀರು ಎರೆದವರಲ್ಲ. ನಲವತ್ತು ದಿನ, ದಿನಕ್ಕೆ ಎರಡು ಹಂಡೆ ಕುದಿನೀರು, ಮಂಚದ ಕೆಳಗೆ ಅಗ್ಗಿಷ್ಟಿಗೆ, ಕೂಸಿಗೆ ಬೇರೆ. ಮಗಳು ಪಾರವ್ವನ ಮೊದಲ ಬಾಣಂತನ ಬೈಲಹೊಂಗಲದ ಅತ್ತೆಯ ಮನೆಯಲ್ಲೇ ಆಗಿತ್ತು. ಆಗ ಶಿವಬಸವ್ವನ ಗಂಡ ಹೊಳಬಸಪ್ಪ ಹಾಸಿಗೆ ಹಿಡಿದಿದ್ದ, ಮಗಳನ್ನು ತವರಿಗೆ ಕರೆತರಲು ಆಗಿರಲಿಲ್ಲ. ಶ್ರಾವಣದ ಮಳೆ, ಹಸಿ ಕಟ್ಟಿಗೆ, ಮನೆ ತುಂಬ ಹೊಗೆ, ಉಗುರುಬೆಚ್ಚಗಿನ ನೀರು. ಕೂಸಿಗೆ ಶೀತ ಹಿಡಿದು ಇಪ್ಪತ್ತನೆಯ ದಿನ ಹೋಯಿತು. ನೀರಿನಿಂದ ಹೋಯಿತೋ ಹಣೆಬರಹದಿಂದ ಹೋಯಿತೋ ಯಾರು ಬಲ್ಲರು. ಶಿವಬಸವ್ವನಿಗೆ ಮಾತ್ರ ನೀರಿನಿಂದಲೇ ಎಂದು ಖಾತ್ರಿ. ಗಂಡನೂ ಅದೇ ವರ್ಷ ಹೋದ. ಆ ಎರಡು ಸಾವಿನಲ್ಲಿ ಅವಳ ಎದೆಯಲ್ಲಿ ಹೆಚ್ಚು ಉರಿದದ್ದು ತಾನು ನೋಡದೇ ಹೋದ ಆ ಕೂಸಿನದು. ಈ ಸಲ ಪಾರವ್ವ ಪುಣೆಗೇ ಬಂದಿದ್ದಳು. ನೀರಿನ ಬಿಸಿ ಒಂದು ದಿನ ಕಡಿಮೆಯಾದರೂ ತಾನು ತಾಯಿಯಲ್ಲ ಎಂದು ಶಿವಬಸವ್ವ ಮನಸ್ಸಿನಲ್ಲೇ ಆಣೆ ಇಟ್ಟುಕೊಂಡಿದ್ದಳು.

ಆರು ವರ್ಷದ ಹಿಂದೆ, ಗಂಡ ಸತ್ತ ಮೇಲೆ, ಹೊಟ್ಟೆಪಾಡಿಗೆ ಪುಣೆಗೆ ಬಂದ ಅವಳಿದ್ದದ್ದು ನಾರಾಯಣ ಪೇಟೆಯ ಒಂದು ಹಳೆಯ ವಾಡೆಯ ಹಿಂಭಾಗದಲ್ಲಿ, ಹಿಂದೊಮ್ಮೆ ದನ ಕಟ್ಟುತ್ತಿದ್ದ ಕೋಣೆಯಲ್ಲಿ. ವಾಡೆಯ ಒಡತಿ ಇಂದೂಬಾಯಿ ಮರಾಠಿಯಾಕೆ. ಕೆಟ್ಟವಳಲ್ಲ, ಆದರೆ ಮಡಿ ಎಂದರೆ ಪ್ರಾಣ. ಶಿವಬಸವ್ವ ಬಂದ ಹೊಸದರಲ್ಲಿ ಆಕೆ ಮೇಲಿನಿಂದ ‘ಏ ಮೋಳೀವಾಲಿ’ ಎಂದು ಕೂಗಿದ್ದಳು. ಶಿವಬಸವ್ವನ ಕಿವಿಗೆ ಅದು ‘ಮೂಳಿ’ ಎಂದು ಬಿತ್ತು. ಗಂಡ ಸತ್ತ ದುಃಖದಲ್ಲಿದ್ದವಳಿಗೆ ಕಂಡವರು ಮೂಳಿ ಎಂದರೆ ಸುಮ್ಮನಿರುತ್ತಾಳೆಯೇ? ಹೊರೆ ಅಲ್ಲೇ ಬಿಸಾಕಿ, ಸೆರಗು ಸಿಕ್ಕಿಸಿ, ಇಂದೂಬಾಯಿಯ ಮೂರು ತಲೆಮಾರನ್ನು ಶುದ್ಧ ಕನ್ನಡದಲ್ಲಿ ತೊಳೆದಳು. ಇಂದೂಬಾಯಿಗೆ ಒಂದಕ್ಷರ ತಿಳಿಯಲಿಲ್ಲ, ಅದೇ ಪುಣ್ಯ.

ಆಗ ಮೆಟ್ಟಿಲಿಳಿದು ಬಂದವರು ಕೃಷ್ಣಾಜಿ ರಾಯರು. ಧಾರವಾಡದ ಕಡೆಯವರು, ಕಾಲುವೆ ಇಲಾಖೆಯಲ್ಲಿ ಕಾರಕೂನರಾಗಿದ್ದು ಪೆನ್ಶನ್ ತೆಗೆದುಕೊಂಡವರು. ಹೆಂಡತಿ ಅಂಬಾಬಾಯಿ, ಮಗ ಶ್ಯಾಮನ ಜೊತೆ ಮೇಲಿನ ಎರಡು ಕೋಣೆಯಲ್ಲಿ ಬಾಡಿಗೆಗಿದ್ದರು. ದಮ್ಮಿನ ರೋಗದಿಂದ ನಗುವುದಕ್ಕೂ ಅವರಿಗೆ ಉಸಿರು ಸಾಲುತ್ತಿರಲಿಲ್ಲ, ಆದರೂ ನಕ್ಕರು.

“ಆಕಿ ಮೂಳಿ ಅಂದಿಲ್ಲವಾ, ಮೋಳಿ ಅಂದಾಳ. ಇವರ ಮಾತಿನ್ಯಾಗ ಮೋಳಿ ಅಂದ್ರ ಕಟಗಿ ಹೊರಿ. ಸುಮ್ಮಸುಮ್ಮನ ಇಷ್ಟು ಚಲೋ ಬೈಗುಳ ಹಾಳು ಮಾಡಿದಿ.”

ಅಂದಿನಿಂದ ಪರವೂರಿನಲ್ಲಿ ಅವಳಿಗೆ ಮಾತಾಡಲು ಒಂದು ಬಾಗಿಲು ತೆರೆಯಿತು. ರಾಯರು ಸ್ನಾನ ಮಾಡಿ ಮಡಿಯಲ್ಲಿದ್ದಾಗಲೂ ಅವಳ ಕೈಯಿಂದ ಕಟ್ಟಿಗೆ ಇಸಿದುಕೊಳ್ಳುತ್ತಿದ್ದರು. ಅಂಬಾಬಾಯಿ ಒಳಗಿನಿಂದ ಗೊಣಗಿದರೆ, ಉಪ್ಪಿಗೆ, ಹುಲ್ಲಿಗೆ, ಕಟ್ಟಿಗೆಗೆ ಸೂತಕವಿಲ್ಲ, ಶಾಸ್ತ್ರದಲ್ಲೇ ಬರೆದಿದೆ ಎನ್ನುತ್ತಿದ್ದರು. ಬರೆಯದಿದ್ದರೂ ನಾನು ಹಾಗೇ ಅನ್ನುತ್ತಿದ್ದೆ ಎಂದು ದನಿ ತಗ್ಗಿಸಿ ಸೇರಿಸುತ್ತಿದ್ದರು. ಕಟ್ಟಿಗೆಯ ಹೊರೆ ಎದುರಾದರೆ ಅಪಶಕುನವೆಂದು ಬೀದಿಯಲ್ಲಿ ಹೊರಟವರೆಲ್ಲ ಶಿವಬಸವ್ವನನ್ನು ಕಂಡು ಹಿಂದಕ್ಕೆ ಸರಿಯುತ್ತಿದ್ದರು. ರಾಯರೊಬ್ಬರೇ ಬೇಕೆಂದು ಎದುರು ಬಂದು, ಇವಳು ಬಂದರೆ ಮನೆಯಲ್ಲಿ ಅನ್ನ ಬೇಯುತ್ತದೆ, ಇದಕ್ಕಿಂತ ಒಳ್ಳೆಯ ಶಕುನ ಯಾವುದು ಎಂದು ಕೇಳುತ್ತಿದ್ದರು.

ಬಾಣಂತನದ ಕಟ್ಟಿಗೆ ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗಲೂ ಅವರೇ ತಮ್ಮ ಮೆಟ್ಟಿಲ ಕೆಳಗಿನ ಹಳೆಯ ಟ್ರಂಕನ್ನು ಮೇಲೆ ಸಾಗಿಸಿ ಜಾಗ ಬಿಟ್ಟುಕೊಟ್ಟರು. ಇಡೀ ವಾಡೆಯಲ್ಲಿ ಸೋರದ ಮೂಲೆಯೆಂದರೆ ಅದೊಂದೇ. ಶಿವಬಸವ್ವ ಹೊರೆಯ ಮೇಲೆ ಹೊರೆ ಒಟ್ಟಿದಳು. ಒಮ್ಮೆ ಲೋಣಾವಳಾಕ್ಕೆ ರೈಲಿನಲ್ಲಿ ಹೋಗಿ ದಪ್ಪ ಕಟ್ಟಿಗೆ ತಂದಳು, ಅದರಲ್ಲೊಂದು ಕವಲೊಡೆದದ್ದು. ಅಡಿಯಲ್ಲಿಟ್ಟರೂ ಅದರ ಕವಲು ಹೊರಗೆ ಚಾಚಿಕೊಂಡೇ ಇರುತ್ತಿತ್ತು. ರಾಯರು ಪೇಟೆಯಿಂದ ಬಂದು ತಮ್ಮ ಒದ್ದೆ ಕೊಡೆಯನ್ನು ಅದಕ್ಕೆ ನೇತುಹಾಕತೊಡಗಿದರು. ವಾಡೆಯ ಮಂದಿ ಅದಕ್ಕೆ ರಾಯರ ಗೂಟ ಎಂದು ಹೆಸರಿಟ್ಟರು.

ಆಷಾಢ ಕಳೆಯುವ ಹೊತ್ತಿಗೆ ಪಾರವ್ವ ಹೆತ್ತಳು, ಹೆಣ್ಣು ಕೂಸು. ಒಣ ಕಟ್ಟಿಗೆ, ಹೊಗೆಯಿಲ್ಲದ ಬೆಂಕಿ, ಮೈ ಕೆಂಪಾಗುವಂಥ ನೀರು. ಹತ್ತು ದಿನ ಎಲ್ಲವೂ ಆಣೆ ಇಟ್ಟಂತೆಯೇ ನಡೆಯಿತು. ಕೂಸು ಎರೆಸಿಕೊಂಡು ಬೆಚ್ಚಗೆ ಮಲಗಿದರೆ ಶಿವಬಸವ್ವನಿಗೆ ಆರು ತಿಂಗಳ ಬೆನ್ನುನೋವು ಮರೆತುಹೋಗುತ್ತಿತ್ತು.

ಹನ್ನೊಂದನೆಯ ದಿನ ಬೆಳಗಾಗುವಾಗ ರಾಯರು ತೀರಿಕೊಂಡರು.

ಮಳೆ ಹಿಡಿದು ಮೂರು ದಿನವಾಗಿತ್ತು. ಶ್ಯಾಮ ಛತ್ರಿಯೂ ಇಲ್ಲದೆ ಕಟ್ಟಿಗೆಯ ವಖಾರಿಗಳನ್ನು ಸುತ್ತಿ ಬಂದ. ಒಂದರಲ್ಲಿ ದಂಡಿನವರ ಪಾಲೆಂದು ಬೀಗ, ಇನ್ನೊಂದರಲ್ಲಿ ನೀರು ಕುಡಿದು ಉಬ್ಬಿದ ಹಸಿ ಜಾಲಿ. ಸೀಮೆಎಣ್ಣೆಯೂ ರೇಶನ್ ಚೀಟಿಯ ಮೇಲೆ. ಅವನು ತಿರುಗಿ ಬಂದು ಮೆಟ್ಟಿಲ ಹತ್ತಿರ ನಿಂತಾಗ ಶಿವಬಸವ್ವ ಅಲ್ಲೇ ಇದ್ದಳು. ಅವನ ಕಣ್ಣು ಒಣ ಒಟ್ಟಿಲ ಮೇಲೆ ಹೋಯಿತು, ಅವಳನ್ನು ಕಂಡು ನೆಲಕ್ಕಿಳಿಯಿತು. ಅಷ್ಟರಲ್ಲಿ ಮೇಲಿನಿಂದ ಅಂಬಾಬಾಯಿಯ ದನಿ ಕೇಳಿಸಿತು. ಅತ್ತು ಅತ್ತು ಒಡೆದ ದನಿ.

“ಶ್ಯಾಮಾ, ಬಾಣಂತಿ ಕಟಗಿ ಅದ. ಅದಕ್ಕ ಕೈ ಹಚ್ಚಬ್ಯಾಡ, ಕೇಳಲೂಬ್ಯಾಡ.”

ಕೇಳಿದ್ದರೆ ಶಿವಬಸವ್ವ ಇಲ್ಲವೆನ್ನುತ್ತಿದ್ದಳೋ ಏನೋ. ಕೇಳಬೇಡ ಎಂದ ಮಾತೇ ಅವಳ ಕಾಲು ಕಟ್ಟಿಹಾಕಿತು. ಒಳಗೆ ಮಗಳು ಕೂಸಿಗೆ ಹಾಲೂಡಿಸುತ್ತಿದ್ದಳು. ಇವತ್ತಿನದು ಸೇರಿ ಇನ್ನೂ ಮೂವತ್ತು ದಿನದ ನೀರು ಕಾಯಬೇಕು. ಹೊರಗೆ ಮಳೆ. ಮೇಲೆ ಒಬ್ಬ ಮನುಷ್ಯ ತನಗೆ ಈ ಒಣ ಮೂಲೆಯನ್ನು ಕೊಟ್ಟವನು, ಈಗ ಒಣ ಕಟ್ಟಿಗೆಯಿಲ್ಲದೆ ಮಲಗಿದ್ದಾನೆ. ಈ ಒಟ್ಟಿಲು ಒಣಗಿ ಉಳಿದದ್ದೇ ಅವರಿಂದ, ನೆನೆದುಹೋಗಿದ್ದರೆ ಇದರ ಮಾತೇ ಇರುತ್ತಿರಲಿಲ್ಲ ಎಂದುಕೊಂಡಳು. ಹಾಗೆಂದುಕೊಂಡರೂ ಕಣ್ಣು ಮಗಳ ಕೋಣೆಯ ಕಡೆಗೇ ಹೋಯಿತು.

“ಎಷ್ಟ ಬೇಕಾಗ್ತದ, ತಮ್ಮಾ?” ಎಂದು ಕೇಳಿದಳು.

ಶ್ಯಾಮನಿಗೂ ಗೊತ್ತಿರಲಿಲ್ಲ. ಪುರೋಹಿತರು ಹತ್ತು ಹನ್ನೆರಡು ಹೊರೆ ಎಂದರು. ಶಿವಬಸವ್ವ ಬಾಯಿಗೆ ಸೆರಗು ಹಿಡಿದಳು. ಒಂದು ಮದುವೆಯ ಅಡಿಗೆಗೆ ಆಗುವಷ್ಟು ಇರಬಹುದು, ಎರಡು ಹೊರೆ, ಹೆಚ್ಚೆಂದರೆ ಮೂರು ಎಂದುಕೊಂಡಿದ್ದಳು ಪಾಪ. ಅವಳ ಮಂದಿಯಲ್ಲಿ ಸುಡುವ ಪದ್ಧತಿ ಇಲ್ಲ. ಕುಣಿ ತೋಡಿ, ಕೂಡಿಸಿ, ವಿಭೂತಿ ಇಟ್ಟು, ಮಣ್ಣು ಎಳೆದರೆ ಮುಗಿಯಿತು. ಒಬ್ಬ ಬಡಕಲು ಮುದುಕ ಬೂದಿಯಾಗಲು ಆರು ತಿಂಗಳ ಕಟ್ಟಿಗೆ ಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೆ ಬಾಯಿಂದ ಮಾತು ಹೊರಬಿದ್ದಾಗಿತ್ತು. ಅವಳು ಹಗ್ಗ ತಂದಳು.

ಆ ಮಳೆಯಲ್ಲಿ ಗಾಡಿ ಸಿಗಲಿಲ್ಲ. ಶ್ಯಾಮನ ಕಚೇರಿಯ ಗೆಳೆಯರು ಹೊರಲು ಬಂದರು, ಆದರೆ ಕಾರಕೂನರ ತಲೆಗೆ ಹೊರೆ ಹೊಂದುತ್ತದೆಯೇ? ಇಬ್ಬರು ಸೇರಿ ಒಂದನ್ನು ಎಳೆದಾಡುತ್ತಿದ್ದರು. ಗೋಣಿತಟ್ಟು ಹೊದಿಸಿ, ಹೊಳೆದಂಡೆಯ ಸ್ಮಶಾನಕ್ಕೆ ಶಿವಬಸವ್ವ ಒಬ್ಬಳೇ ಐದು ಸಲ ಹೋಗಿ ಬಂದಳು. ಮುಠಾ ಹೊಳೆ ಕೆಂಪಗೆ ತುಂಬಿ ದಂಡೆಯ ಮೆಟ್ಟಿಲ ತನಕ ಬಂದಿತ್ತು. ಪ್ರತಿ ಹೊರೆಯನ್ನು ಇಳಿಸುವಾಗಲೂ ಇದು ಎಲ್ಲಿಯದು, ಯಾವತ್ತು ತಂದದ್ದು ಎಂದು ಅವಳಿಗೆ ನೆನಪಾಗುತ್ತಿತ್ತು. ಇದು ಪಹರೆಯವನು ಕುಡುಗೋಲು ಕಸಿದುಕೊಂಡ ದಿನದ್ದು, ಇದು ಕಾಲಿಗೆ ಮುಳ್ಳು ಮುರಿದ ದಿನದ್ದು.

ಆರನೆಯ ಸಲಕ್ಕೆ ಒಟ್ಟಿಲ ಅಡಿ ಕಂಡಿತು. ರಾಯರ ಕೊಡೆ ಇನ್ನೂ ಗೂಟಕ್ಕೆ ನೇತಾಡುತ್ತಿತ್ತು. ಅದನ್ನು ಮೆಲ್ಲಗೆ ತೆಗೆದು ಗೋಡೆಗೆ ಒರಗಿಸಿ, ಕವಲು ಕಟ್ಟಿಗೆಯನ್ನೂ ಸೇರಿಸಿ ಕಟ್ಟಿದಳು. ಮೆಟ್ಟಿಲ ಬಳಿ ನಿಂತಿದ್ದ ಇಂದೂಬಾಯಿ ಅದನ್ನು ನೋಡಿ ಕಣ್ಣೊರೆಸಿಕೊಂಡಳು. ಎಂದೂ ಇಳಿಸದ ಶಿವಬಸವ್ವ ಅಂದು ದಾರಿಯ ಒಂದು ಕಟ್ಟೆಯ ಮೇಲೆ ಹೊರೆ ಇಳಿಸಿ, ಪಕ್ಕದಲ್ಲಿ ಕೂತುಬಿಟ್ಟಳು. ಎಷ್ಟು ಹೊತ್ತು ಕೂತಳೋ. ಸ್ಮಶಾನ ಮುಟ್ಟುವ ಹೊತ್ತಿಗೆ ತಗಡಿನ ಚಾವಣಿಯ ಕೆಳಗೆ ಚಿತೆ ಹತ್ತಿ ಉರಿಯುತ್ತಿತ್ತು. ಒಳ್ಳೆಯ ಬೆಂಕಿ, ಹೊಗೆಯೇ ಇರಲಿಲ್ಲ. ನನ್ನ ಕಟ್ಟಿಗೆ, ಎಂದು ಅವಳಿಗೆ ಒಂದು ಕ್ಷಣ ಹೆಮ್ಮೆಯಾಯಿತು, ಮರುಕ್ಷಣ ನಾಚಿಕೆಯಾಯಿತು.

ಸ್ವಲ್ಪ ಹೊತ್ತಿಗೆ ಗಂಡಸರು ತಿರುಗಿ ನೋಡದೆ ಹೊರಟುಹೋದರು. ಶಿವಬಸವ್ವನ ಹೊರೆಯನ್ನು ಯಾರೂ ಕೇಳಲಿಲ್ಲ. ಅವಳು ಹೊಳೆಯಲ್ಲಿ ಮುಳುಗೆದ್ದು, ಹಣೆಗೆ ವಿಭೂತಿ ಹಚ್ಚಿ, ಹೊರೆಯ ಮುಂದೆ ನಿಂತು ಯೋಚಿಸಿದಳು. ಬೇಕಾಗದೆ ಉಳಿದ ಹೊರೆ. ಅವಳ ಊರಲ್ಲಿ ಕುಣಿ ತೋಡಿದ ಗುದ್ದಲಿ ಸಲಿಕೆಯನ್ನು ತೊಳೆದು ಮನೆಗೆ ತರುತ್ತಾರೆ, ಯಾರೂ ಹೊಲದಲ್ಲೇ ಬಿಟ್ಟು ಬರುವುದಿಲ್ಲ. ಇದನ್ನೂ ಹಾಗೆಯೇ ಎಂದುಕೊಂಡಳು. ಸ್ಮಶಾನದ ಕಾವಲಿನವನು ಎತ್ತಿ ತಲೆಗೆ ಕೊಟ್ಟ. ಏನೋ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಚಿತೆಯ ಕಡೆಗೆ ತಿರುಗಿದ.

ವಾಡೆಯ ಹಿಂದಿನ ಬಾಗಿಲಿಂದ ಬಂದು, ಬಚ್ಚಲೊಲೆಗೆ ಸಣ್ಣವನ್ನು ಒಟ್ಟಿ ಹಂಡೆ ಇಟ್ಟಳು. ನೀರು ಮರಳಿತು. ಪಾರವ್ವನಿಗೆ ಎರೆದಳು, ಕಾಲ ಮೇಲೆ ಮಲಗಿಸಿಕೊಂಡು ಕೂಸಿಗೆ ಎರೆದಳು. ಕೂಸು ಕೆಂಪಗಾಗಿ ಅತ್ತು, ಅತ್ತದ್ದು ಸಾಕಾಗಿ ನಿದ್ದೆ ಹೋಯಿತು. ಇವತ್ತಿನದು ಆಯಿತು. ನಾಳೆಯದು ನಾಳೆಗೆ.

ಅವಳು ಬಚ್ಚಲಿಗೆ ಮರಳಿ ಉಳಿದ ಕಟ್ಟಿಗೆಯನ್ನು ಗೋಡೆಗೆ ಒಟ್ಟುತ್ತಿದ್ದಾಗ ಇಂದೂಬಾಯಿ ಹಿತ್ತಲ ಬಾವಿಗೆ ಬಂದಳು. ಗೋಡೆಯ ಕಡೆ ನೋಡಿ ಬಾವಿಯ ಹಗ್ಗ ಕೈಬಿಟ್ಟಳು. ಇದು ರಾಯರ ಗೂಟವಲ್ಲವೇ, ಆಗಲೇ ನಿನ್ನ ತಲೆಯ ಮೇಲೆ ಹೋಯಿತಲ್ಲವೇ, ಇಲ್ಲಿಗೆ ಹೇಗೆ ಬಂತು ಎಂದು ಕೇಳಿದಳು. ಇದ್ದಕ್ಕಿದ್ದಂತೆ ದನಿ ಏರಿತು. ಶಿವಬಸವ್ವನ ಮರಾಠಿ ಮಾರುವಷ್ಟಕ್ಕೇ ಸಾಲುವಂಥದ್ದು. ಇಷ್ಟು ಕೋಪ ಯಾಕೆಂದು ತಿಳಿಯದೆ, ಹೊಳೆದಂಡೆಯಿಂದ ತಂದೆ ಎಂದು ನಿಜವನ್ನೇ ಹೇಳಲು ಮಾತು ಹುಡುಕುತ್ತಿದ್ದಳು.

ಬಾವಿಯ ಆಚೆ, ಸಾವಿನ ಮನೆಯ ಸ್ನಾನ ಮುಗಿಸಿ ಒದ್ದೆ ಸೀರೆಯಲ್ಲಿ ಅಂಬಾಬಾಯಿ ನಿಂತಿದ್ದಳು. ಹಣೆ ಬರಿದಾಗಿತ್ತು. ಆಕೆ ಗೋಡೆಗೆ ಒರಗಿದ ಕವಲನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮರಾಠಿಯಲ್ಲಿ ಇಂದೂಬಾಯಿಗೆ ಹೇಳಿದಳು: ಅದು ಸ್ಮಶಾನಕ್ಕೆ ಹೋಗಲೇ ಇಲ್ಲ. ಬೀದಿಯ ಬಾಗಿಲಿಗೆ ಹೋದದ್ದನ್ನು ನಾನೇ ತಿರುಗಿ ತರಿಸಿದೆ. ಅವರ ಕೊಡೆಯ ಗೂಟ, ಸುಡಲು ಮನಸ್ಸಾಗಲಿಲ್ಲ. ಇಂದೂಬಾಯಿ ಒಂದು ಗಳಿಗೆ ಇಬ್ಬರನ್ನೂ ನೋಡಿದಳು. ಗಂಡ ಸತ್ತ ದಿನ ಹೆಂಗಸೊಬ್ಬಳು ಸುಳ್ಳು ಹೇಳುತ್ತಾಳೆಂದು ಯಾರು ನೆನೆಯುತ್ತಾರೆ? ಆಕೆ ನಿಟ್ಟುಸಿರು ಬಿಟ್ಟು, ಕೊಡ ತುಂಬಿಕೊಂಡು ಒಳಗೆ ಹೋದಳು.

ಅಂಬಾಬಾಯಿ ಕನ್ನಡಕ್ಕೆ ಹೊರಳಿದಳು. ಆ ಹಿತ್ತಲಲ್ಲಿ ಅದು ಇಬ್ಬರಿಗಷ್ಟೇ ತಿಳಿಯುವ ಮಾತು.

“ಶಿವಬಸವ್ವಾ, ಸುಡುಗಾಡಿಗೆ ಹೋದ ಕಟಗಿ ತಿರುಗಿ ಮನಿಗೆ ತರಬಾರದು. ಒಲಿಗೆ ಹಾಕಬಾರದು. ನಿನಗ ಗೊತ್ತಿಲ್ಲ.”

ಶಿವಬಸವ್ವನ ಕೈಯಿಂದ ಕಟ್ಟಿಗೆ ಜಾರಿತು. ಮೊದಲು ನೆನಪಾದದ್ದು ವಾಡೆಯಲ್ಲ, ಇಂದೂಬಾಯಿಯಲ್ಲ, ಆಗತಾನೆ ಎರೆದು ಮಲಗಿಸಿದ ಕೂಸು. ಮೊದಲನೆಯದನ್ನು ತಣ್ಣೀರು ತಿಂದಿತು. ಎರಡನೆಯದಕ್ಕೆ ನಾನೇ ಕೈಯಾರೆ ಹೆಣದ ಕಟ್ಟಿಗೆಯಲ್ಲಿ ಕಾಯಿಸಿದ ನೀರು ಎರೆದೆನಲ್ಲ ಎಂದು ಅವಳ ಎದೆ ಒಡೆದುಹೋಯಿತು. ಬಚ್ಚಲ ಹೊಸ್ತಿಲ ಮೇಲೆ ಕುಸಿದು ಕೂತಳು. ಬೆಳಗಿನಿಂದ ಅಳದವಳು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

“ಕೂಸಿಗೆ ಎರದ ಬಿಟ್ಟೇನ್ರಿ ಬಾಯಾರ. ಎರದ ಬಿಟ್ಟೇನ್ರಿ.”

ಅಂಬಾಬಾಯಿ ಮೈಲಿಗೆಯಲ್ಲಿದ್ದಳು, ಯಾರನ್ನೂ ಮುಟ್ಟುವಂತಿರಲಿಲ್ಲ. ಎರಡು ಮಾರು ದೂರದಲ್ಲೇ ನೆಲದ ಮೇಲೆ ಕೂತಳು.

“ಅವರು ಏನಂತಿದ್ರು, ಹೇಳು.”

ಶಿವಬಸವ್ವ ಬಾಯಿಂದ ಸೆರಗು ತೆಗೆದು ತಲೆ ಎತ್ತಿದಳು.

“ಕಟಗಿಗೆ ಸೂತಕ ಇಲ್ಲ ಅಂತಿದ್ರು. ಜನ್ಮ ಪೂರ್ತಿ ಆ ಮಾತಿಗೆ ನಾ ಅವರ ಸಂಗಾಟ ಜಗಳಾಡೇನಿ. ಇವತ್ತ ಒಪ್ಪಿದೆ. ನಿನ್ನ ಮೊಮ್ಮಗಳಿಗೆ ಏನೂ ಆಗೂದಿಲ್ಲ. ಅವರ ಪಾಲಿಂದು ಒಂದು ಹಂಡೆ ನೀರು ಅಂತ ತಿಳಿ.” ಗೋಡೆಯ ಕಡೆ ಬೆರಳು ಮಾಡಿ, “ಆ ಗೂಟಾನೂ ನಾಳೆ ಒಲಿಗೆ ಹಾಕು. ಕಣ್ಣ ಮುಂದ ಇಟಗೊಂಡು ನಾ ಏನ ಮಾಡ್ಲಿ” ಎಂದಳು.

ಹೆದರಿಕೆ ಅಷ್ಟಕ್ಕೇ ಹೋಯಿತೆಂದರೆ ಸುಳ್ಳಾದೀತು. ಶಿವಬಸವ್ವ ಒಳಗೆ ಹೋಗಿ ಕೂಸಿನ ಎದೆಯ ಮೇಲೆ ಅಂಗೈ ಇಟ್ಟು ಕೂತಳು. ಕತ್ತಲಾಗುವ ತನಕ ಕೈ ತೆಗೆಯಲಿಲ್ಲ. ಪಾರವ್ವ ಏನಾಯಿತೆಂದು ಕೇಳಿದರೆ ದಣಿವು ಎಂದಷ್ಟೇ ಅಂದಳು. ಅದೂ ಸುಳ್ಳಲ್ಲ. ಕೂಸು ಮಾತ್ರ ಅಜ್ಜಿಯ ಕೈಯ ಭಾರಕ್ಕೆ ಒಮ್ಮೆ ಮುಖ ಕಿವುಚಿ, ಬೆವರಿ, ಗಾಢ ನಿದ್ದೆ ಮಾಡಿತು.

ಮರುದಿನ ಬೆಳಕು ಹರಿದಾಗ ಮಳೆ ಹೊಳವಾಗಿತ್ತು. ಒಲೆಯಲ್ಲಿ ಕವಲು ಕಟ್ಟಿಗೆ ಸದ್ದಿಲ್ಲದೆ ಉರಿದು ಒಂದು ಹಂಡೆ ಕಾಯಿಸಿಕೊಟ್ಟಿತು. ಎರೆದು ಮುಗಿಸಿ ಶಿವಬಸವ್ವ ಹಗ್ಗ, ಸಿಂಬೆ, ಕುಡುಗೋಲು ತೆಗೆದುಕೊಂಡಳು. ಇಪ್ಪತ್ತೆಂಟು ದಿನದ ನೀರು ಇನ್ನೂ ಗುಡ್ಡದ ಮೇಲೆಯೇ ಇತ್ತು, ಹಸಿಯಾಗಿ, ಮುಳ್ಳಾಗಿ, ಪಹರೆಯವನ ಕಣ್ಣ ಕೆಳಗೆ. ನಡು ನೆಟ್ಟಗಾಗಲೊಲ್ಲದು. ಗೋಡೆ ಹಿಡಿದು ಬೀದಿಯ ಬಾಗಿಲಿಗೆ ಬಂದಳು.

ಅಲ್ಲಿ ಅಂಬಾಬಾಯಿ ನಿಂತಿದ್ದಳು. ಮಗ ಕರ್ಮಕ್ಕೆಂದು ಹೊಳೆದಂಡೆಗೆ ಹೋದ ದಾರಿ ನೋಡುತ್ತಿದ್ದಳೋ ಏನೋ. ಶಿವಬಸವ್ವನ ಕೈಯಲ್ಲಿ ಹಗ್ಗ ಕಂಡದ್ದೇ ಆಕೆ ಸರಕ್ಕನೆ ಕಂಬದ ಮರೆಗೆ ಸರಿದಳು. ಹೊರಟವರಿಗೆ ವಿಧವೆ ಎದುರಾಗಬಾರದು. ಒಂದೇ ದಿನಕ್ಕೆ ಆಕೆ ಅದನ್ನು ಕಲಿತುಬಿಟ್ಟಿದ್ದಳು.

ಶಿವಬಸವ್ವ ಹೊಸ್ತಿಲ ಹತ್ತಿರ ನಿಂತಳು. ಆರು ವರ್ಷದಿಂದ ತನ್ನನ್ನು ಕಂಡು ಸರಿದವರ ಬೆನ್ನುಗಳೆಲ್ಲ ನೆನಪಾದವು.

“ಬರ್ರಿ ಬಾಯಾರ, ಎದುರಿಗೆ ಬರ್ರಿ,” ಎಂದಳು. “ನಾ ರಂಡಿಮುಂಡಿ, ಮ್ಯಾಲ ಕಟಗಿ ಹೊರೋಕಿ. ನನಗ್ಯಾವ ಅಪಶಕುನ? ನೀವಲ್ಲದ ಇನ್ನ ಯಾರ ಎದುರು ಬಂದ್ರ ನಮ್ಮ ಮನಿ ಒಲಿ ಉರಿಯೂದು?”

ಕಂಬದ ಮರೆಯಲ್ಲಿ ಬಳೆಯಿಲ್ಲದ ಕೈಯೊಂದು ಸೆರಗನ್ನು ಹಿಡಿದು ಬಿಟ್ಟಿತು. ಆಮೇಲೆ ಅಂಬಾಬಾಯಿ ಮೆಲ್ಲಗೆ ಬಂದು ಬಾಗಿಲ ನಡುವೆ, ಎದುರಿಗೇ ನಿಂತಳು. ಶಿವಬಸವ್ವ ಆಕೆಯ ಮುಖವನ್ನು ಕಣ್ತುಂಬ ನೋಡಿ, ಸಿಂಬೆಯನ್ನು ತಲೆಯ ಮೇಲಿಟ್ಟುಕೊಂಡು, ಲಕಡಿ ಪೂಲಿನ ದಾರಿ ಹಿಡಿದಳು.